ಓಪಿಡಿ ಚೀಟಿಯಲ್ಲಿ ಹಳೆಯ ಕೆಲಸವೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ನನಗಿರುವುದು ಕಳೆದ ವರ್ಷ ಖಚಿತವಾಯಿತು. ಇದಕ್ಕೆ ಮುಖ್ಯ ಕಾರಣ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಧೂಳು. ಆದರೆ ನಾನು ತೋರಿಸಿಕೊಂಡ ಕಡೆಯಲ್ಲೆಲ್ಲ ಬೀಡಿ, ಸಿಗರೇಟಿನ ಅಭ್ಯಾಸವನ್ನು ವಿಚಾರಿಸಿದರೇ ಹೊರತು, ಪ್ರಾಯದಲ್ಲಿ ಎಲ್ಲಿ, ಏನು ಕೆಲಸ ಮಾಡಿದ್ದೆ ಎಂದು ಯಾರೂ ಕೇಳಲಿಲ್ಲ.

ಕಾರವಾರ, ಅಂಕೋಲಾ ಕಡೆಯಿಂದ ದುಡಿಮೆಗಾಗಿ ಮುಂಬೈಗೆ ಹೋದವರಲ್ಲಿ ನಾನೂ ಒಬ್ಬ. ಹಡಗು ರಿಪೇರಿ ಯಾರ್ಡೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ, ಬಾಯ್ಲರಿಗೂ ಉಗಿಯ ಕೊಳವೆಗಳಿಗೂ ಸುತ್ತಿದ್ದ ಹಳೆಯ ಹೊದಿಕೆಯನ್ನು ಉಳಿಯಿಂದ ಕೆತ್ತಿ ತೆಗೆದು ಹೊಸ ಕಲ್ನಾರಿನ ಹಗ್ಗ ಸುತ್ತುವುದು ನಮ್ಮ ಕೆಲಸವಾಗಿತ್ತು. ಎಂಜಿನ್ ಕೋಣೆಯ ಬಲ್ಬಿನ ಬೆಳಕಿನಲ್ಲಿ ಧೂಳು ಮಿನುಗುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಇದ್ದದ್ದು ಹಳೆಯ ಲುಂಗಿಯ ತುಂಡು. ಅದೇ ಬಟ್ಟೆಯಲ್ಲಿ ಖೋಲಿಗೆ ಮರಳುತ್ತಿದ್ದೆ, ಅದನ್ನು ಕೊಡವಿ ಒಗೆಯುತ್ತಿದ್ದವಳು ನನ್ನ ಹೆಂಡತಿ. ಕಾರ್ಮಿಕರ ಬಟ್ಟೆಯ ಧೂಳಿನಿಂದಲೇ ಮನೆಯವರಿಗೂ ಈ ರೋಗ ಬಂದದ್ದುಂಟು ಎಂದು ವೈದ್ಯರಿಂದ ತಿಳಿದ ಮೇಲೆ, ಅವಳು ಒಮ್ಮೆ ಕೆಮ್ಮಿದರೂ ನನಗೆ ದಿಗಿಲಾಗುತ್ತದೆ.

ಧೂಳಿನಲ್ಲಿರುವ ಕಲ್ನಾರಿನ ಎಳೆಗಳು ಒಳಹೊಕ್ಕು ರೋಗ ತಲೆಯೆತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಎದೆಯಲ್ಲಿ ನೀರು ತುಂಬಿದೆ ಎಂದರೆ ನಮ್ಮಲ್ಲಿ ಮೊದಲು ಕ್ಷಯದ ಗುಮಾನಿ. ಕ್ಷಯವೇ ಹೆಚ್ಚಿರುವ ದೇಶದಲ್ಲಿ ಅದು ಸಹಜವೇ. ಆದರೆ ನನ್ನ ಹಳೆಯ ಕೆಲಸ ಚೀಟಿಯಲ್ಲಿ ಬರೆದಿದ್ದರೆ, ತೆಗೆದ ನೀರು ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದಾಗಲೇ ಪೊರೆಯ ಬಯಾಪ್ಸಿಯ, ಅಂದರೆ ತುಣುಕು ತೆಗೆದು ಪರೀಕ್ಷಿಸುವ ಯೋಚನೆ ಬರುತ್ತಿತ್ತೇನೋ. ಈಗ ಮೂರು ವಾರಕ್ಕೊಮ್ಮೆ ಕೀಮೋಗೆಂದು ಮಂಗಳೂರಿಗೆ ಹೋಗಿಬರುತ್ತೇನೆ. ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿ ನಿದ್ದೆಯೆಲ್ಲ ಆರಾಮ ಕುರ್ಚಿಯಲ್ಲೇ.

ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಮಾಲೀಕರು ಕಾದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಆದೇಶಿಸಿದೆ. ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದ ನಮ್ಮಂಥ ಗುತ್ತಿಗೆ ಕೂಲಿಗಳ ಯಾವ ದಾಖಲೆಯನ್ನು ಯಾರು ಕಾದಿಡಬೇಕು? ಕಲ್ನಾರಿನ ಗಣಿಗಾರಿಕೆಗೆ ಹೊಸ ಪರವಾನಗಿ ನಿಲ್ಲಿಸಿದ ಸರ್ಕಾರ, ಅದನ್ನೇ ಹೊರದೇಶದಿಂದ ತರಿಸಿಕೊಳ್ಳಲು ಬಿಟ್ಟಿರುವ ತರ್ಕವೂ ನನಗಂತೂ ತಿಳಿಯದು. ಅದನ್ನು ಬರೆಯಹೊರಟರೆ ಇನ್ನೊಂದು ಪತ್ರವೇ ಬೇಕಾದೀತು.

ಪರಿಹಾರ ಕೇಳಲು ನಮ್ಮಂಥವರ ಕೈಯಲ್ಲಿ ಉಳಿಯುವುದು ಆಸ್ಪತ್ರೆಯ ಕಾಗದವೊಂದೇ. ಆದ್ದರಿಂದ ಉಸಿರಾಟದ ತೊಂದರೆಯಿಂದ ಬರುವವರ ಓಪಿಡಿ ಚೀಟಿಯಲ್ಲಿ, ಯಾವ ಕೆಲಸ, ಯಾವ ಊರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನು ಕಡ್ಡಾಯವಾಗಿ ಬರೆಯುವಂತೆ ಜಿಲ್ಲಾ ಆರೋಗ್ಯ ಇಲಾಖೆ ಸೂಚಿಸಬೇಕು. ಮುಂಬೈ, ಗೋವಾ, ಗಲ್ಫ್‌ಗಳ ಯಾರ್ಡುಗಳಲ್ಲಿ ದುಡಿದು ಊರಿಗೆ ಮರಳಿದವರು ಸಹ, ವೈದ್ಯರು ಕೇಳದಿದ್ದರೂ ತಾವಾಗಿ ಹೇಳಿ, ಅದನ್ನು ಬರೆಸಿಕೊಂಡೇ ಬರಬೇಕೆಂದು ಕೋರುತ್ತೇನೆ.

– ನಿವೃತ್ತ ಕಾರ್ಮಿಕ, ಕಾರವಾರ