ಪೀಲಿಯಲ್ಲಿ ಇನ್ನೂ ನೀರು ಬರುತ್ತಿದೆ ಅಜ್ಜಿ

ದೇವರ ದಯೆಯಿಂದ ನಾವು ಹನ್ನೊಂದು ಮಂದಿಯೂ ಶ್ರೀಲಂಕಾದಿಂದ ಕ್ಷೇಮವಾಗಿ ಮಂಗಳೂರಿಗೆ ಮುಟ್ಟಿದ್ದೇವೆ. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಯುವಜನ ಸಂಘದ ಪರವಾಗಿ ಎರಡು ಮಾತು ಹೇಳಲು ನನ್ನನ್ನು ಎದುರಿಗೆ ಕರೆದರು. ಗಂಟಲು ಕಟ್ಟಿತು, "ಎಲ್ಲರಿಗೂ ವಂದನೆ" ಅಂದಷ್ಟೇ ಹೇಳಿ ಕೂತುಬಿಟ್ಟೆ. ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಶ್ರೀಲಂಕಾದ ಹ್ಯಾಟನ್ ಪಕ್ಕದ ಒಂದು ಚಹಾ ತೋಟದಲ್ಲಿ ಮಕ್ಕಳಿಗೆ ಹತ್ತು ದಿನದ ರಜಾ ಶಿಬಿರ ನಡೆಸಿಕೊಡಿ ಎಂದು ಅಲ್ಲಿನ ಸಭೆಯವರು ಕರೆದಾಗ ನಮ್ಮ ಸಂಘದ ಪೆಟ್ಟಿಗೆಯಲ್ಲಿ ಇದ್ದದ್ದು ಕ್ರಿಸ್‌ಮಸ್ ಕ್ಯಾರಲ್ಸ್‌ನಲ್ಲಿ ಉಳಿದ ಸ್ವಲ್ಪ ಹಣ ಮಾತ್ರ. ಸ್ತ್ರೀ ಸಂಘದ ಅಕ್ಕಂದಿರು ನಾಲ್ಕು ಭಾನುವಾರ ಗೋಳಿಬಜೆ, ಕೋರಿ ರೊಟ್ಟಿ ಮಾಡಿ ಮಾರಿದರು. ಶಂಕರಪುರದಲ್ಲಿ ತವರುಮನೆ ಇರುವ ಒಬ್ಬರು ಅಲ್ಲಿನ ಮಲ್ಲಿಗೆ ಗಿಡಗಳ ಒಂದು ವಾರದ ಅಟ್ಟೆಯ ದುಡ್ಡನ್ನು ಹಾಗೆಯೇ ತಂದುಕೊಟ್ಟರು. ಇಷ್ಟೆಲ್ಲ ಆದ ಮೇಲೆ, ನಾವು ಟಿಕೆಟಿಗೆಂದು ಮುಂಗಡ ಕೊಟ್ಟಿದ್ದ ವ್ಯಕ್ತಿ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಕೂಡಿಸಿದ ಹಣದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ಆ ರಾತ್ರಿ ಸಭಾಂಗಣದಲ್ಲಿ ಕೂತು ನಾವು ಅತ್ತದ್ದು ನಮ್ಮ ಸಭೆಯ ಅಯ್ಯನವರಿಗೆ ಗೊತ್ತು. ಅವರು ಯಾರ ತಪ್ಪು ಎಂದು ಕೇಳಲಿಲ್ಲ. ಮರುದಿನವೇ ಹಿರಿಯರು ಮನೆಮನೆಗೆ ಹೋದರು. ಯಾವ ಮನೆಯಿಂದ ಎಷ್ಟು ಬಂತು ಎಂಬುದನ್ನು ಇವತ್ತಿಗೂ ನಮಗೆ ಹೇಳಿಲ್ಲ. ಆದ್ದರಿಂದ ಹೆಸರು ಹಿಡಿದು ವಂದಿಸಲು ಆಗುತ್ತಿಲ್ಲ. ಕೊಟ್ಟವರು ಇದನ್ನು ಓದುತ್ತಿದ್ದರೆ, ನಾವು ನಿಮ್ಮಿಂದಲೇ ಹೋಗಿ ಬಂದೆವು.

ಇನ್ನು ಅಜ್ಜಿಯ ವಿಷಯ.

ಅವರು ನಮ್ಮ ಸಭೆಯವರಲ್ಲ. ಸುಳ್ಯದ ಕಡೆಯ ರಬ್ಬರ್ ತೋಟದ ಕಾಲೊನಿಯಲ್ಲಿ ಇರುವವರು, ವಯಸ್ಸು ಎಪ್ಪತ್ತರ ಹತ್ತಿರ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವವರು ಬಹಳ ಇದ್ದಾರೆ ಎಂದು ನಮಗೆಲ್ಲ ಗೊತ್ತು. ಆದರೆ ಅವರು ಎಲ್ಲಿಂದ ಬಂದರು, ಏಕೆ ಬಂದರು ಎಂದು ನಾನು ಈ ವರ್ಷದವರೆಗೆ ಯಾರನ್ನೂ ಕೇಳಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಗುಡ್ಡಗಳಿಗೆ ಜನರನ್ನು ಕರೆದೊಯ್ದರು, ಮೊದಲು ಕಾಫಿ ತೋಟಕ್ಕೆ, ಕಾಫಿಗೆ ರೋಗ ಬಿದ್ದ ಮೇಲೆ ಚಹಾಕ್ಕೆ. 1948ರಲ್ಲಿ ಆ ದೇಶ ಸ್ವತಂತ್ರವಾದಾಗ ಇವರಲ್ಲಿ ಲಕ್ಷಾಂತರ ಮಂದಿ ಯಾವ ದೇಶದ ಪ್ರಜೆಗಳೂ ಅಲ್ಲವೆಂದಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೊ ಅವರೂ ಒಪ್ಪಂದ ಮಾಡಿ, 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ ಎಂದು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ನಮ್ಮ ಅಜ್ಜಿಯೂ ಒಂದು ಅಂಕಿ. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದಾಗ ಅವರಿಗೆ ಹದಿನಾಲ್ಕು ವರ್ಷ. ಆಮೇಲೆ ಸುಳ್ಯ. ಚಹಾ ಕೊಯ್ದು ಬೆಳೆದ ಕೈ ಉಳಿದ ಆಯುಷ್ಯವೆಲ್ಲ ರಬ್ಬರ್ ಹಾಲು ತೆಗೆಯಿತು.

ಸಂಘದ ಒಬ್ಬ ತಮ್ಮನ ಸ್ನೇಹಿತನ ಅಜ್ಜಿ ಅವರು. "ಹ್ಯಾಟನ್‌ಗೆ ಹೋಗ್ತೇವೆ, ನಾಲ್ಕು ತಮಿಳು ಮಾತು ಕಲಿಸ್ತೀರಾ" ಎಂದು ಕೇಳಲು ಹೋದವರನ್ನು ಅವರು ಹತ್ತು ಶನಿವಾರ ಬಿಡಲಿಲ್ಲ. ಬಿಜೈಯಿಂದ ಬೆಳಿಗ್ಗೆಯ ಬಸ್ಸು ಹಿಡಿದು ಹೋಗುತ್ತಿದ್ದೆವು. ಮೊದಲ ದಿನ "ನಿನ್ನ ಹೆಸರೇನು" ಎಂಬುದಕ್ಕೆ ತಮಿಳಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದಕ್ಕೆ, "ಹೆಸರು ಆಮೇಲೆ ಕೇಳು ಮಗಾ. ಊಟ ಆಯ್ತಾ ಕೇಳಲಿಕ್ಕೆ ಮೊದಲು ಕಲಿ" ಅಂದರು. ನಮ್ಮಿಂದ ಒಂದು ರೂಪಾಯಿ ಮುಟ್ಟಲಿಲ್ಲ. ಹೊರಡುವಾಗ ಎರಡೇ ಮಾತು ಹೇಳಿದರು: ಮಾರಿಯಮ್ಮನ ಕೋವಿಲ್ ಎದುರಿನಿಂದ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ. ಮತ್ತೆ, ನಮ್ಮ ಲಯಂ ಹಿಂದೆ ಒಂದು ಪೀಲಿ ಇತ್ತು, ಇದೆಯೋ ನೋಡಿ.

ಲಯಂ ಅಂದರೆ ತೋಟದ ಕೂಲಿಯವರ ಸಾಲು ಮನೆ. ಪೀಲಿ ಅಂದರೆ ಗುಡ್ಡದ ಒರತೆಗೆ ಕೊಳವೆ ಇಟ್ಟು ನೀರು ಬೀಳುವ ಹಾಗೆ ಮಾಡಿದ ಜಾಗ. ನನಗೆ ಆ ಮಾತು ಹೊಸದು.

ರೈಲಿನಲ್ಲಿ ಚೆನ್ನೈ, ಅಲ್ಲಿಂದ ವಿಮಾನದಲ್ಲಿ ಕೊಲಂಬೊ, ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಮತ್ತೆ ರೈಲು. ಏಪ್ರಿಲ್ ಸೆಕೆಯಲ್ಲಿ ಬೆಂದು ಹೋದ ನಮಗೆ ಹ್ಯಾಟನ್‌ನಲ್ಲಿ ಇಳಿದಾಗ ಚಳಿ. ರಾತ್ರಿ ದೂರದಲ್ಲಿ, ಅವರು ಶಿವನೊಳಿಪಾದ ಎನ್ನುವ ಬೆಟ್ಟಕ್ಕೆ ಯಾತ್ರಿಕರು ಹತ್ತುವ ದಾರಿಯ ದೀಪಗಳು ಆಕಾಶದಲ್ಲಿ ನೂಲು ಹಿಡಿದ ಹಾಗೆ ಕಾಣುತ್ತಿದ್ದವು.

ಅಲ್ಲಿನ ಸಭಾಪಾಲಕರಿಗೆ ನಾನು ಬಹಿರಂಗವಾಗಿ ಹೇಳಬೇಕಾದ ಒಂದು ವಂದನೆ ಇದೆ. ನಮ್ಮೂರಿನ ಹುಲಿವೇಷವನ್ನು ಮಕ್ಕಳಿಗೆ ಕಲಿಸೋಣ ಎಂದು ನಾವು ಡಬ್ಬಗಟ್ಟಲೆ ಹಳದಿ, ಕಪ್ಪು ಬಣ್ಣ ಹೊತ್ತುಕೊಂಡು ಹೋಗಿದ್ದೆವು. ಅಲ್ಲಿನವರಲ್ಲಿ "ತಪ್ಪು" ಎಂಬ ಚರ್ಮದ ವಾದ್ಯ ಇದೆ, ಅದರ ಪೆಟ್ಟಿಗೆ ಹುಲಿಯ ಹೆಜ್ಜೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ದಾರಿಯುದ್ದಕ್ಕೂ ಮಾತಾಡಿದ್ದೆವು. ಎರಡನೇ ದಿನ ಬಣ್ಣ ಬಿಚ್ಚುವಾಗ ಸಭಾಪಾಲಕರು ನನ್ನನ್ನು ಒಬ್ಬಳನ್ನೇ ಹೊರಗೆ ಕರೆದು, ಮೆಲ್ಲಗೆ, "ಮಕ್ಕಳ ಮೈಮೇಲೆ ಪುಲಿ ಬೇಡ ತಂಗಚ್ಚಿ" ಅಂದರು. ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕಿವಿ ಬಿಸಿಯಾಯಿತು. 1983ರಿಂದ 2009ರವರೆಗೆ ಸೈನ್ಯಕ್ಕೂ "ಹುಲಿಗಳು" ಎಂದೇ ಹೆಸರಾದ ತಮಿಳು ಬಂಡುಕೋರರಿಗೂ ಯುದ್ಧ ನಡೆದ ದೇಶದಲ್ಲಿ, ತಮಿಳು ಮಕ್ಕಳ ಮೈಗೆ ಹುಲಿ ಬರೆಯುವುದು ಎಂದರೇನು ಎಂದು ನಾವು ಹನ್ನೊಂದು ಮಂದಿಯಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಅವರು ಎಲ್ಲರೆದುರು ಹೇಳಬಹುದಿತ್ತು, ಹೇಳಲಿಲ್ಲ. ಮಕ್ಕಳ ಎದುರು ನಮ್ಮ ಮಾನ ಉಳಿಸಿದರು. ಬಣ್ಣವನ್ನು ಶಾಲೆಯ ಪುಸ್ತಕದ ಕೋಣೆಯ ಗೋಡೆಗೆ ಹಚ್ಚಿದೆವು. ಸಮುದ್ರ ಕಾಣದ ಮಕ್ಕಳೇ ಹೆಚ್ಚು. ಆದ್ದರಿಂದ ದೋಣಿ, ಬಲೆ, ಬಂಗುಡೆ, ಬೂತಾಯಿ ಬರೆದೆವು. ನಾವು ತಂದದ್ದರಲ್ಲಿ ನೀಲಿ ಬಣ್ಣ ಇರಲಿಲ್ಲ, ಹ್ಯಾಟನ್ ಪೇಟೆಗೆ ಹೋಗಿ ಅದನ್ನೂ ಅವರೇ ತಂದುಕೊಟ್ಟರು.

ಪಾಠ ಹೇಳಲು ಹೋದವರು ನಾವು. ಪಾಠ ಆದದ್ದು ನನಗೆ. ಒಂದು ಮಧ್ಯಾಹ್ನ ಮಳೆ ಹಿಡಿದು ಆಟ ನಿಂತಿತು. ನಾನು "ಮಳೈ" ಅಂದೆ. ಅರುವತ್ತು ಮಕ್ಕಳೂ ಒಟ್ಟಿಗೆ "ಇಲ್ಲೈ" ಎಂದು ಕೂಗಿದರು. ಮುಂದಿನ ಹಲ್ಲು ಬಿದ್ದ ಒಬ್ಬ ಏಳು ವರ್ಷದ ಹುಡುಗಿ ಎದ್ದು ಬಂದು, ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ, ತನ್ನ ನಾಲಿಗೆಯನ್ನು ಹಿಂದಕ್ಕೆ ಮಡಚಿ ತೋರಿಸಿ, "ಮೞೈ" ಅಂದಳು. ಹಲ್ಲಿನ ಸಂದಿಯಿಂದ ಆ ನಾಲಿಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಸರಿಯಾಗಿ ಕಾಣುತ್ತಿತ್ತು. ಎಷ್ಟು ಸಲ ಹೇಳಿದೆನೋ. ನಾನು ಸರಿ ಹೇಳಿದಾಗ ಅವಳು ಚಪ್ಪಾಳೆ ಹೊಡೆಯಲಿಲ್ಲ, ತಲೆ ಆಡಿಸಿ ತನ್ನ ಜಾಗಕ್ಕೆ ಹೋಗಿ ಕೂತಳು, ಒಳ್ಳೆಯ ಟೀಚರ್ ಹಾಗೆ. ಆ ಅಕ್ಷರ ನಮ್ಮದೂ ಆಗಿತ್ತು. ಹಳಗನ್ನಡದಲ್ಲಿ ಮಳೆ "ಮೞೆ". 1894ರಲ್ಲಿ ಬಾಸೆಲ್ ಮಿಶನ್ನಿನವರು ನಮ್ಮ ಮಂಗಳೂರಿನಿಂದಲೇ ಹೊರತಂದ ಕಿಟೆಲ್ ಅವರ ನಿಘಂಟಿನಲ್ಲಿ ಆ ಅಕ್ಷರ ಕೂತಿದೆ. ದೂರದೇಶದಿಂದ ಬಂದು, ನಮ್ಮ ಜನರ ಬಾಯಿ ನೋಡಿ ನೋಡಿ ನಮ್ಮ ಭಾಷೆ ಕಲಿತವರ ಸಭೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅವರೂ ಯಾವುದೋ ಮಗುವಿನ ಎದುರು ಹೀಗೆ ಬಾಯಿ ತೆರೆದು ಕೂತಿದ್ದಿರಬೇಕು ಅನ್ನಿಸಿತು.

ಶಿಬಿರಕ್ಕೆ ಬಂದವರಲ್ಲಿ ಮಾರಿಯಮ್ಮನಿಗೆ ನಡೆದುಕೊಳ್ಳುವ ಮನೆಗಳ ಮಕ್ಕಳೇ ಜಾಸ್ತಿ. ನಂಬಿ ಕಳಿಸಿದ ಆ ತಾಯಂದಿರಿಗೆ, ಬೆನ್ನಿಗೆ ಚಹಾ ಎಲೆಯ ಚೀಲ ಇರುವಾಗಲೇ ಶಾಲೆಯ ಬಾಗಿಲಲ್ಲಿ ನಿಂತು ನಮ್ಮ ತಮಿಳು ಕೇಳಿ ನಕ್ಕು ಹೋದವರಿಗೆ, ವಂದನೆ. ನಮ್ಮ ಹುಡುಗನೊಬ್ಬನಿಗೆ ನಾಲ್ಕನೇ ದಿನ ಜ್ವರ ಬಂದಾಗ ಕೊತ್ತಂಬರಿ, ಶುಂಠಿ ಕುದಿಸಿ ರಾತ್ರಿಯಿಡೀ ಕುಡಿಸಿದ ಸಭಾಪಾಲಕರ ಮನೆಯಮ್ಮನಿಗೂ ವಂದನೆ. ಮೊದಲ ಸಲ ಮಕ್ಕಳನ್ನು ಬೇರೆ ದೇಶಕ್ಕೆ ಕಳಿಸಿ ಇಲ್ಲಿ ನಿದ್ದೆಗೆಟ್ಟ ನಮ್ಮ ಅಪ್ಪ ಅಮ್ಮಂದಿರಿಗೂ.

ಕೊನೆಯ ಮುಂಚಿನ ದಿನ ಅಜ್ಜಿ ಹೇಳಿದ ತೋಟ ಹುಡುಕಿಕೊಂಡು ಹೋದೆವು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕೋವಿಲ್ ದಾಟಿದೆವು. ಅವರ ಲಯಂ ಇದ್ದ ಸಾಲಿನಲ್ಲಿ ಅರ್ಧ ಬಿದ್ದಿದೆ, ಉಳಿದರ್ಧದಲ್ಲಿ ಸಂಸಾರಗಳಿವೆ. ಹಿಂದೆ ಹೋಗಿ ನೋಡಿದರೆ, ಪ್ಲಾಸ್ಟಿಕ್ ಪೈಪಿನ ತುದಿಯಿಂದ ನೀರು ಬೀಳುತ್ತಿದೆ, ಕೆಳಗೆ ಸವೆದು ಗುಳಿ ಬಿದ್ದ ಕಲ್ಲು. ಎರಡು ನಿಮಿಷ ಯಾರೂ ಮಾತಾಡದೆ ಅದನ್ನು ಫೋನಿನಲ್ಲಿ ಹಿಡಿದೆವು.

ಮೊನ್ನೆ ಶನಿವಾರ ಸುಳ್ಯಕ್ಕೆ ಹೋಗಿ ಅಜ್ಜಿಗೆ ತೋರಿಸಿದೆವು. ಅವರಿಗೆ ಕಣ್ಣು ಅಷ್ಟು ಕಾಣುವುದಿಲ್ಲ. ಒಂದು ಸಲ ನೋಡಿದರು. ಮತ್ತೆ ಹಾಕು ಅಂದರು. ಎರಡನೇ ಸಲಕ್ಕೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿವಿಗೆ ಇಟ್ಟುಕೊಂಡರು.