ಜೀಪು ಮಾರುವ ಮುಂಚೆ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬರುತ್ತಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನನಗೂ ನಿನ್ನ ದೊಡ್ಡಮ್ಮನಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಅದರ ಜೊತೆಗೇ ಇನ್ನೊಂದು ಮಾತು ಹೇಳಿದ. ಮನೆಯ ಎಂಎಂ 540 ಜೀಪು ಮಾರಿ, ದೊಡ್ಡದೊಂದು ಹೊಸ ಡೀಸೆಲ್ ಫೋರ್ ವೀಲ್ ಗಾಡಿ, ತೋಟದೊಳಗಿನ ಓಡಾಟಕ್ಕೆ ಒಂದು ಎಟಿವಿ, ಅಂದರೆ ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ಚಕ್ರದ ಪುಟ್ಟ ಗಾಡಿ, ತರಬೇಕು ಅಂತಿದ್ದೀಯಂತೆ. ಜೀಪು ನೋಡಲು ಹಾಸನದಿಂದ ಯಾರೋ ಬಂದೂ ಹೋದರಂತೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ನಿರ್ಧಾರ ಮಾಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೀಪು ಮಾರಬೇಡ. ಎಟಿವಿ ತರಬೇಡ. ಹೊಸ ಗಾಡಿ ಧಾರಾಳವಾಗಿ ತಗೋ, ಆದರೆ ಹಗುರವಾದದ್ದು ನೋಡಿ ತಗೋ.

ನೀನು ಗಾಡಿಗಳನ್ನು ಓಡಿಸಿ ನೋಡಿದ್ದು ಮಾರ್ಚ್ ತಿಂಗಳಲ್ಲಿ, ಒಣ ನೆಲದಲ್ಲಿ. ಒಣ ನೆಲದಲ್ಲಿ ನೂರೈವತ್ತು ಕುದುರೆ ಶಕ್ತಿಯ ಗಾಡಿ ಚೆನ್ನಾಗಿಯೇ ಓಡುತ್ತದೆ. ನಮ್ಮ ಕಡೆ ಗಾಡಿಯ ಯೋಗ್ಯತೆ ತಿಳಿಯುವುದು ಪುನರ್ವಸು, ಪುಷ್ಯ ಮಳೆ ಹಿಡಿದಾಗ. ಮೇಲಿನ ತೋಟಕ್ಕೆ ಹೋಗುವ ಚಡಾವು ನೆನಪಿಸಿಕೋ. ಎಡಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ, ಬಲಕ್ಕೆ ಹಳ್ಳ. ಮೇಲೆ ಅರ್ಧ ಅಡಿ ಕೆಮ್ಮಣ್ಣಿನ ಕೆಸರು, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ. ಜೀಪಿನ 6.00-16ರ ಸಣ್ಣ ಟೈರು ಆ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲ ಟೈರು ಅದೇ ಕೆಸರಿನ ಮೇಲೆ ಕೂತು ಜಾರುತ್ತದೆ. ಹಾಗೆ ಜಾರಿದಾಗ ಗಾಡಿಯನ್ನು ಹಳ್ಳದ ಕಡೆಗೆ ಎಳೆಯುವುದು ಅದರ ತೂಕ. ಎಂಜಿನ್ನಿಗೆ ಎಷ್ಟು ಶಕ್ತಿಯಿದ್ದರೂ ಆ ಗಳಿಗೆಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಜೀಪು ಹುಟ್ಟಿದ್ದೇ ತೂಕದ ಲೆಕ್ಕದಿಂದ. 1940ರಲ್ಲಿ ಅಮೆರಿಕದ ಸೈನ್ಯ ಇಂಥದೊಂದು ಗಾಡಿ ಬೇಕು ಅಂತ ಕಂಪನಿಗಳನ್ನು ಕೇಳಿದಾಗ ಮೊದಲು ಇಟ್ಟ ಮಿತಿ 590 ಕೆಜಿ. ಅಷ್ಟರಲ್ಲಿ ಮಾಡುವುದು ಯಾರಿಂದಲೂ ಆಗಲಿಲ್ಲ. ಮಿತಿಯನ್ನು 980 ಕೆಜಿಗೆ ಏರಿಸಿದರು. ವಿಲ್ಲಿಸ್ ಕಂಪನಿಯ ಮಾದರಿ ಅದಕ್ಕೂ ಹೆಚ್ಚು ತೂಗಿತು. ಅವರ ಎಂಜಿನಿಯರುಗಳು ಎಂಜಿನ್ ಬದಲಿಸಲು ಒಪ್ಪದೆ, ಉದ್ದ ಬೋಲ್ಟುಗಳನ್ನು ಗಿಡ್ಡ ಮಾಡಿ, ಬಣ್ಣವನ್ನೂ ತೆಳ್ಳಗೆ ಬಳಿದು ತೂಕ ಇಳಿಸಿದರು. ಆ 2.2 ಲೀಟರಿನ ಎಂಜಿನ್ ಕೊಡುತ್ತಿದ್ದದ್ದು ಬರೀ 60 ಕುದುರೆ ಶಕ್ತಿ. ಅಷ್ಟರಲ್ಲೇ ಅದು ಒಂದು ಮಹಾಯುದ್ಧ ಮುಗಿಸಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರದವರು ಬೊಂಬಾಯಿಯಲ್ಲಿ ಅದನ್ನೇ ಜೋಡಿಸಲು ಶುರುಮಾಡಿದ್ದರಿಂದ ನಮ್ಮ ಮಲೆನಾಡಿಗೂ ಬಂತು. ನಿನ್ನ ಮನೆಯ ಎಂಎಂ 540 ಅದರದೇ ಸಂತತಿ. ಎಂಜಿನ್ ಮಾತ್ರ ಪ್ಯೂಜೋದವರ 2,112 ಸಿಸಿಯ ಡೀಸೆಲ್ಲು, ಶಕ್ತಿ 62.

1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂದಾಗ ಎಷ್ಟೋ ಜನ ನಂಬಲಿಲ್ಲ. 970 ಸಿಸಿ ಎಂಜಿನ್, ಕಾರಿನ ಹಾಗೆ ಸಪ್ಪಳವಿಲ್ಲದ ಪೆಟ್ರೋಲ್ ಗಾಡಿ, ಇದು ತೋಟದಲ್ಲಿ ಏನು ಮಾಡೀತು ಅಂದರು. ಆಷಾಢದ ಜಾರಿನಲ್ಲಿ ದೊಡ್ಡ ಜೀಪುಗಳು ನಿಂತ ಕಡೆ ಅದು ಹತ್ತಿ ಹೋಗುವುದನ್ನು ನೋಡಿದ ಮೇಲೆ ಸುಮ್ಮನಾದರು. ಟಾರ್ಪಾಲಿನ ಜಿಪ್ಸಿ ತೂಗುತ್ತಿದ್ದದ್ದು 985 ಕೆಜಿ. ಅಮೆರಿಕದ ಸೈನ್ಯ 1940ರಲ್ಲಿ ಕೇಳಿದ ಲೆಕ್ಕಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡು. ಮಹೀಂದ್ರದವರ ಈಗಿನ ಥಾರ್ ಡೀಸೆಲ್ 1,700 ಕೆಜಿ ದಾಟುತ್ತದೆ. ಅಂದರೆ ಜಿಪ್ಸಿಗೆ ಹೋಲಿಸಿದರೆ ಒಬ್ಬ ಮನುಷ್ಯನೂ ಹತ್ತುವ ಮುಂಚೆಯೇ 50 ಕೆಜಿಯ ಪೊಟ್ಯಾಷ್ ಮೂಟೆ 14 ಹೇರಿಕೊಂಡ ಹಾಗಾಯಿತು. ಅಗಲವನ್ನೂ ನೋಡು. ಜಿಪ್ಸಿ 5 ಅಡಿಯ ಮೇಲೆ ಒಂದು ಬೆರಳು, ಥಾರ್ ಹೆಚ್ಚೂಕಡಿಮೆ 6 ಅಡಿ. ನಮ್ಮ ತೋಟದ ರಸ್ತೆಗಳನ್ನು ನಿಮ್ಮಜ್ಜ ಗುದ್ದಲಿ, ಹಾರೆಯಲ್ಲಿ ಕಡಿಸಿದ್ದು ಜೀಪಿನ ಅಳತೆಗೆ. ಆರಡಿಯ ಗಾಡಿ ತಂದರೆ ಪ್ರತಿ ತಿರುವಿನಲ್ಲೂ ಧರೆ ಕಡಿಯಬೇಕು. ಧರೆ ಕಡಿದರೆ ಮಳೆಗಾಲದಲ್ಲಿ ಏನಾಗುತ್ತದೆ ಅನ್ನುವುದನ್ನು 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕು ಕಣ್ಣಾರೆ ಕಂಡಿದೆ. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜಾರಿದ್ದನ್ನು ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹೊಸ ಗಾಡಿಗಳನ್ನು ನಾನು ಹಳಿಯುತ್ತಿಲ್ಲ. ಅವುಗಳಲ್ಲಿ ಇರುವ ಒಳ್ಳೆಯದು ದೊಡ್ಡ ಒಳ್ಳೆಯದೇ. ಹಳೇ ಜೀಪಿಗೆ ಒಂದು ಮುಂದಿನ ಚಕ್ರ, ಒಂದು ಹಿಂದಿನ ಚಕ್ರ ಎದುರುಬದುರಾಗಿ ಗಾಳಿಯಲ್ಲಿ ಎದ್ದರೆ ಮುಗಿಯಿತು. ಫೋರ್ ವೀಲ್ ಹಾಕಿದ್ದರೂ ಗಾಳಿಯಲ್ಲಿರುವ ಎರಡೇ ತಿರುಗುತ್ತಿರುತ್ತವೆ, ಗಾಡಿ ಕದಲುವುದಿಲ್ಲ. ಹೊಸದರಲ್ಲಿ ಸುಮ್ಮನೆ ತಿರುಗುವ ಚಕ್ರಕ್ಕೆ ತಾನಾಗಿಯೇ ಬ್ರೇಕ್ ಬಿದ್ದು, ನೆಲ ಕಚ್ಚಿದ ಚಕ್ರಕ್ಕೆ ಬಲ ಹೋಗುತ್ತದೆ. ಕೆಲವಕ್ಕೆ ಹಿಂದಿನ ಡಿಫರೆನ್ಷಿಯಲ್ ಲಾಕ್ ಆಗಿ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಬ್ರೇಕು, ಸೀಟ್ ಬೆಲ್ಟು, ಏರ್‌ಬ್ಯಾಗು ಇವುಗಳ ವಿಷಯದಲ್ಲಂತೂ ಹಳೆಯದನ್ನು ಹೊಸದರ ಪಕ್ಕಕ್ಕೂ ತರುವಂತಿಲ್ಲ. ಆದ್ದರಿಂದ ಇದೊಂದನ್ನು ನೀನು ನನಗೆ ಮಾತು ಕೊಡಬೇಕು: ಹೆಂಡತಿ ಮಕ್ಕಳನ್ನು, ನಿಮ್ಮಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯಲು ಆ ಜೀಪು ತೆಗೆಯಬಾರದು. ಧರ್ಮಸ್ಥಳಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೊಸ ಗಾಡಿ. ಜೀಪು ತೋಟಕ್ಕೆ ಮತ್ತು ಕೊಟ್ಟಿಗೆಹಾರದ ತನಕ.

ಇನ್ನು ರಿಪೇರಿಯ ಮಾತು. ಇದು ನನಗೆ ತೂಕದಷ್ಟೇ ಮುಖ್ಯ. ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅಂದುಕೋ. ಮಳೆ ಹಿಡಿಯುವ ಮುಂಚೆ ಮುಗಿಸಬೇಕು, ಇಲ್ಲದಿದ್ದರೆ ಕೊಳೆರೋಗ. ಮೈಲುತುತ್ತ, ಸುಣ್ಣ, 200 ಲೀಟರಿನ ನೀರಿನ ಡ್ರಮ್ಮು ಹೇರಿಕೊಂಡು ಹೋಗುವಾಗ ಜೀಪು ಕೆಮ್ಮಿ ನಿಲ್ಲುತ್ತದೆ. ಡ್ರೈವರ್ ಬಾನೆಟ್ ಎತ್ತುತ್ತಾನೆ. ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಹ್ಯಾಂಡ್ ಪಂಪನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ಬರೀ ಡೀಸೆಲ್. ಆಗ ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಬೇಕಾದದ್ದು ಒಂದು ಸ್ಪ್ಯಾನರು, ಒಂದು ಬಟ್ಟೆ ಚೂರು. ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ತಳ್ಳಿ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಆ ಡೀಸೆಲ್ ಎಂಜಿನ್ ಓಡಲು ಕರೆಂಟೇ ಬೇಡ. ಅದಕ್ಕೇ ಅಲ್ಲವೇ, ನಿಲ್ಲಿಸಲು ಕೀ ತಿರುಗಿಸಿದರೆ ಸಾಲದು, ತಂತಿ ಎಳೆಯಬೇಕು. ಎಲ್ಲಿ ಕೆಟ್ಟಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಕೈಗೆ ಸಿಗುತ್ತದೆ. ಬಣಕಲ್, ಮೂಡಿಗೆರೆಯ ಸಣ್ಣ ಗ್ಯಾರೇಜುಗಳಲ್ಲಿ ಈ ಎಂಜಿನ್ ಬಿಚ್ಚಿ ಜೋಡಿಸುವ ಕೈಗಳು ಇನ್ನೂ ಇವೆ.

ಹೊಸ ಡೀಸೆಲ್ಲಿನ ಕಥೆ ಬೇರೆ. 2020ರ ಏಪ್ರಿಲ್‌ನಿಂದ ಗಾಡಿ ಹೊಗೆಯ ಬಿಎಸ್ 6 ನಿಯಮ ಬಂದ ಮೇಲೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇಡುತ್ತಾರೆ, ಡಿಪಿಎಫ್ ಅಂತ. ಊರಿನ ಗಾಳಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು, ಗಾಡಿ ಹೈವೇಯಲ್ಲಿ ಒಂದಷ್ಟು ಹೊತ್ತು ನಿಲ್ಲದೆ ಓಡಬೇಕು. ತೋಟದಲ್ಲಿ ನಾವು ಓಡಿಸುವುದು ಹೇಗೆ? ಕಣದಿಂದ ಲೈನ್ ಮನೆಗೆ, ಲೈನ್ ಮನೆಯಿಂದ ಪಲ್ಪರ್ ಹೌಸಿಗೆ, ಫಸ್ಟ್ ಗೇರು, ಲೋ ಗೇರು. ಎಂಜಿನ್ ಬಿಸಿಯಾಗುವ ಮುಂಚೆ ನಿಲ್ಲಿಸುತ್ತೇವೆ. ಮಸಿ ಕಟ್ಟುತ್ತಾ ಹೋಗುತ್ತದೆ. ಅದನ್ನು ಸುಡಲು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ಲು ಎಂಜಿನ್ ಆಯಿಲಿಗೆ ಸೇರಿ ಆಯಿಲ್ ನೀರಾಗುತ್ತದೆ. ನಮ್ಮ ಪಕ್ಕದ ತೋಟದವರ ಹೊಸ ಗಾಡಿಗೆ ಹೋದ ಮಳೆಗಾಲದಲ್ಲಿ ಆದದ್ದು ಇದೇ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು, ಗಾಡಿ ಶಕ್ತಿ ಕಳೆದುಕೊಂಡು ತೆವಳಲು ಶುರುಮಾಡಿತು. ಎಳೆದೊಯ್ಯುವ ಲಾರಿ ಅವರ ಗೇಟಿನಿಂದ ಒಳಗೆ ಬರಲಾಗಲಿಲ್ಲ. ಕೊನೆಗೆ ನಮ್ಮ ಜೀಪಿಗೆ ಹಗ್ಗ ಕಟ್ಟಿ ಟಾರ್ ರಸ್ತೆಗೆ ಎಳೆದು ತಂದೆವು. ಗಾಡಿ ಕೆಟ್ಟದ್ದು ಅಂತ ನಾನು ಹೇಳಲಾರೆ. ಅವರ ಕೆಲಸಕ್ಕೆ ಅದು ಹೊಂದುವಂಥದ್ದಲ್ಲ, ಅಷ್ಟೆ.

ಆದ್ದರಿಂದ ಹೊಸದು ತಗೊಳ್ಳುವುದಾದರೆ ಪೆಟ್ರೋಲ್ ಗಾಡಿ. 2023ರಲ್ಲಿ ಬಂದ ಮಾರುತಿ ಜಿಮ್ನಿಯನ್ನು ಒಮ್ಮೆ ಸರಿಯಾಗಿ ನೋಡು. 1,200 ಕೆಜಿಯ ಆಸುಪಾಸು, ಗಟ್ಟಿ ಛಾಸಿ, ಫೋರ್ ವೀಲಿಗೆ ಕೈಯಲ್ಲಿ ಎಳೆಯುವ ಲಿವರೇ ಇದೆ, ಲೋ ಗೇರೂ ಇದೆ. ಡೀಸೆಲ್ಲಿನ ಹಾಗೆ ಕೆಳಗಿನ ಸ್ಪೀಡಿನಲ್ಲಿ ಎಳೆತ ಇಲ್ಲ ಅನ್ನುತ್ತಾರೆ, ನಿಜ. ಲೋ ಹಾಕಿದರೆ ನಮ್ಮ ಚಡಾವಿಗೆ ಅದು ಸಾಕು. ಹಿಂದೆ ಜಾಗ ಕಮ್ಮಿ. ಮೂಟೆ ಹೇರಲು ಹೇಗೂ ಜೀಪು, ಟ್ರೇಲರ್ ಇದ್ದೇ ಇದೆ.

ಎಟಿವಿ ಯಾಕೆ ಬೇಡ ಅಂದೆನೋ ಹೇಳುತ್ತೇನೆ. 1970ರಲ್ಲಿ ಹೋಂಡಾದವರು ಮೊದಲು ಮಾಡಿದ್ದು ಮೂರು ಚಕ್ರದ ಪುಟ್ಟ ಗಾಡಿ, ಬಲೂನಿನಂಥ ಟೈರು, ಸ್ಪ್ರಿಂಗೇ ಇಲ್ಲ. ಹಿಮದಲ್ಲಿ, ಮರಳಿನಲ್ಲಿ ಹಗುರವಾಗಿ ತೇಲಿಕೊಂಡು ಹೋಗುತ್ತಿತ್ತು. ಆದರೆ ಮಗುಚುತ್ತಿತ್ತು. ಸಾವು ನೋವು ಹೆಚ್ಚಾಗಿ 1988ರಲ್ಲಿ ಅಮೆರಿಕದಲ್ಲಿ ಹೊಸ ಮೂರು ಚಕ್ರದವುಗಳ ಮಾರಾಟವನ್ನೇ ಕಂಪನಿಗಳು ನಿಲ್ಲಿಸಬೇಕಾಯಿತು. ನಾಲ್ಕು ಚಕ್ರ ಬಂದ ಮೇಲೂ ಅದು ಕೂತವನು ಮೈ ಬಾಗಿಸಿ ತೂಕ ಸರಿಸುತ್ತಾ ಓಡಿಸುವ ಒಬ್ಬನ ಗಾಡಿ. ನೀನು ತಂದರೆ ಮಾರನೇ ದಿನವೇ ತೋಟದ ಲೆಕ್ಕ ಬರೆಯುವ ರೈಟರ್ ಹಿಂದೆ ಕೂರುತ್ತಾನೆ, ಅವನ ಹಿಂದೆ ಒಂದು ಮೂಟೆ ಕೂರುತ್ತದೆ. ನಮ್ಮ ಇಳಿಜಾರಿನಲ್ಲಿ ಅದು ಹಿಂದಕ್ಕೆ ಪಲ್ಟಿಯಾದರೆ ಕೆಳಗಿರುವವನ ಎದೆಯ ಮೇಲೇ ಬೀಳುತ್ತದೆ. ಸೀಟು, ಕಂಬಿ ಚೌಕಟ್ಟು ಇರುವ ದೊಡ್ಡವು ಅಷ್ಟು ಅಪಾಯದವಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಓಡುವುದು ಗೇರಿನ ಬದಲು ರಬ್ಬರ್ ಬೆಲ್ಟಿನ ಮೇಲೆ. ಭಾರ ಹೇರಿಕೊಂಡು ತೆವಳುತ್ತಾ ಚಡಾವು ಹತ್ತಿದರೆ ಬೆಲ್ಟು ಜಾರಿ ಸುಡುತ್ತದೆ. ಇನ್ನೊಂದು ತೊಡಕು ನೀನು ಯೋಚಿಸಿರಲಾರೆ. ನಿಮ್ಮ ತೋಟವನ್ನು ಪಂಚಾಯಿತಿ ರಸ್ತೆ ಎರಡು ಭಾಗ ಮಾಡಿದೆ. ಹೆಚ್ಚಿನ ಎಟಿವಿಗಳಿಗೆ ಆರ್‌ಟಿಒ ನಂಬರ್ ಇಲ್ಲ, ಅಂಥವನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಆ ಹತ್ತು ಮಾರು ದಾಟುವಾಗ ಶಾಲೆಯ ಮಗುವೊಂದು ಅಡ್ಡ ಬಂದರೆ ನಿನ್ನನ್ನು ಕಾಯುವ ಇನ್ಶೂರೆನ್ಸ್ ಯಾವುದೂ ಇರುವುದಿಲ್ಲ.

ಜೀಪಿಗೆ ಮೃಗಶಿರ ಹಿಡಿಯುವ ಮುಂಚೆ ಮಾಡಿಸಬೇಕಾದದ್ದು ಇಷ್ಟು. ನಾಲ್ಕೂ ಚಕ್ರದ ಬ್ರೇಕ್ ಲೈನರ್ ಬದಲಿಸು. ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಹೋಗಿ ಬ್ರೇಕ್ ಹಿಡಿಯುವುದಿಲ್ಲ. ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸಬೇಕು ಅಂತ ಡ್ರೈವರಿಗೂ ಹೇಳು, ನೀನೂ ರೂಢಿ ಮಾಡಿಕೋ. ಸ್ಟೇರಿಂಗ್ ನಡುಗುತ್ತಿದ್ದರೆ ಕಿಂಗ್ ಪಿನ್ ಬೇರಿಂಗ್ ನೋಡಿಸು. ವೈರಿಂಗ್ ಪೂರ್ತಿ ಹೊಸದು ಹಾಕಿಸು, ಇಲಿ ಕಡಿದದ್ದಕ್ಕೆ ಟೇಪ್ ಸುತ್ತಿ ಎಷ್ಟು ದಿನ ನಡೆಸುತ್ತೀರಿ? ಕೂರುವ ಎಲ್ಲರಿಗೂ ಬೆಲ್ಟ್ ಹಾಕಿಸು. ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ತಾರೀಕು ಮೀರಿದೆಯಾ ನೋಡು. ತೋಟದೊಳಗೆ ಇರುವ ತನಕ ಟೈರಿನ ಗಾಳಿ 20ಕ್ಕೆ ಇಳಿಸು, ಟಾರ್ ರಸ್ತೆಗೆ ಹೋಗುವಾಗ ಮತ್ತೆ ತುಂಬಿಸು. ಜಾರು ಜೋರಾದಾಗ ಹಿಂದಿನ ಚಕ್ರಕ್ಕೆ ಕಟ್ಟುವ ಚೈನು ಅಟ್ಟದ ಮೇಲಿದೆ, ನಿಮ್ಮಪ್ಪನಿಗೆ ಗೊತ್ತು.

ದೊಡ್ಡ ಗಾಡಿ ಬಿಟ್ಟು ಚಿಕ್ಕದು ತಗೊಂಡರೆ ನಿನ್ನ ಕೈಯಲ್ಲಿ ಒಂದಷ್ಟು ದುಡ್ಡು ಉಳಿಯುತ್ತದೆ. ಅದನ್ನು ರಸ್ತೆಗೆ ಹಾಕು ಪುಟ್ಟ. ಆ ಚಡಾವಿನ ಕೆಟ್ಟ ಜಾಗ ಇಡೀ ರಸ್ತೆಯಲ್ಲಿ ಎಷ್ಟು ಅಂತ ನಡೆದು ನೋಡಿದ್ದೀಯಾ? ಹಲಸಿನ ಮರದಿಂದ ಮೇಲಿನ ತಿರುವಿನ ತನಕ, ಅಷ್ಟೇ. ಅಲ್ಲಿಗೆ ಕಲ್ಲಿನ ಸೋಲಿಂಗ್ ಮಾಡಿಸಿ, ಮಳೆ ನೀರು ರಸ್ತೆಯಲ್ಲೇ ಹರಿಯದ ಹಾಗೆ ಓರೆಯಾಗಿ ಅಡ್ಡಗಾಲುವೆ ತೆಗೆಸಿದರೆ ಯಾವ ಗಾಡಿಯೂ ಹತ್ತುತ್ತದೆ, ಕೆಲಸದ ಹೆಂಗಸರೂ ಜಾರದೆ ನಡೆಯುತ್ತಾರೆ. ಭಾರದ ಗಾಡಿ ಕೆಸರಿನಲ್ಲಿ ಚಕ್ರ ತಿರುಗಿಸಿ ಮಾಡಿದ ಒಂದು ಗಾಡಿಜಾಡು ಒಂದೇ ಮಳೆಗೆ ಕಾಲುವೆಯಾಗಿ, ಕಾಫಿ ಗಿಡದ ಬುಡದ ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ರಸ್ತೆಗಿಂತ ನನಗೆ ಆ ಮಣ್ಣಿನದೇ ಚಿಂತೆ.

ಹಾಸನದವರಿಗೆ ಇವತ್ತೇ ಫೋನ್ ಮಾಡಿ ಜೀಪು ಕೊಡುವುದಿಲ್ಲ ಅಂತ ಹೇಳು. ಮುಂಗಡ ಇಸಕೊಂಡಿದ್ದರೆ ತಡಮಾಡದೆ ವಾಪಸ್ ಕೊಡು. ಬರುವ ಸೋಮವಾರ ನಾನು ಅಲ್ಲಿಗೆ ಬರುತ್ತೇನೆ, ಕಲ್ಲು ಎಷ್ಟು ಲೋಡ್ ಬೇಕಾಗುತ್ತದೆ ಅಂತ ಇಬ್ಬರೂ ಅಳತೆ ಹಾಕೋಣ. ಮಂಡಿ ನೋವಿಗೆ ನಿಮ್ಮಪ್ಪ ಡಾಕ್ಟರ ಹತ್ತಿರ ಹೋದನೋ ಇಲ್ಲವೋ ಬರೆ. ನಿಮ್ಮಮ್ಮನನ್ನು ಕೇಳಿದೆ ಅಂತ ಹೇಳು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ