ರೆಫರಲ್ ಕೇಳುವ ಮುನ್ನ ಅರ್ಜಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಉದ್ಯೋಗ ಪುರವಣಿಗಳಲ್ಲಿ ‘ನೆಟ್‌ವರ್ಕ್ ಬೆಳೆಸಿಕೊಳ್ಳಿ’ ಎಂಬ ಸಲಹೆ ಆಗಾಗ ಬರುತ್ತದೆ. ಹೇಗೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವ ನಮ್ಮಂಥವರ ಲಿಂಕ್ಡ್‌ಇನ್ ಇನ್‌ಬಾಕ್ಸ್ ತುಂಬ ‘ಹಾಯ್ ಸರ್, ಓಪನಿಂಗ್ ಇದ್ರೆ ತಿಳಿಸಿ’ ಎಂಬ ಒಂದೇ ಸಾಲು. ಯಾವ ಹುದ್ದೆ, ಎಷ್ಟು ವರ್ಷದ ಅನುಭವ, ಯಾವ ಊರು ಎಂಬುದೊಂದೂ ಇಲ್ಲದ ಆ ಸಾಲಿಗೆ ಉತ್ತರ ಕೊಡಬೇಕೆಂದರೂ ಕೊಡಲಾಗುವುದಿಲ್ಲ.

ರೆಫರಲ್ ಎಂದರೆ ವಶೀಲಿ ಎಂದುಕೊಂಡು ಕೇಳಲು ಹಿಂಜರಿಯುವವರೂ ಬಹಳ. ಅಲ್ಲಿ ಆಗುವುದು ಇಷ್ಟೇ: ಒಳಗಿರುವ ಉದ್ಯೋಗಿ ಕಂಪನಿಯ ಪೋರ್ಟಲ್‌ನಲ್ಲಿ ಜಾಬ್ ಐಡಿ (ಆ ಹುದ್ದೆಯ ಗುರುತಿನ ಸಂಖ್ಯೆ) ಆಯ್ದು, ನಿಮ್ಮ ಹೆಸರು, ಇಮೇಲ್, ರೆಸ್ಯೂಮೆ ಸೇರಿಸುತ್ತಾರೆ. ಯಾವ ಸುತ್ತಿನ ಸಂದರ್ಶನವೂ ಇದರಿಂದ ತಪ್ಪುವುದಿಲ್ಲ. ಅರ್ಜಿಗಳ ರಾಶಿಯಲ್ಲಿ ನಿಮ್ಮದನ್ನು ಒಬ್ಬರು ತೆರೆದು ನೋಡುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೆ. ರೆಫರ್ ಮಾಡಿದವರಿಗೆ ಹಲವು ಕಂಪನಿಗಳು ಬೋನಸ್ ಕೊಡುತ್ತವೆ. ಅದೂ ಸಾಮಾನ್ಯವಾಗಿ ಹೊಸಬರು ಸೇರಿ ಕೆಲವು ತಿಂಗಳು ಉಳಿದ ಮೇಲೆ. ಹಾಗಾಗಿ ಸಂಕೋಚ ಪಡಬೇಕಿಲ್ಲ, ಅವರಿಗೂ ಲಾಭವಿದೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಎರಡು ವಾರ ಕಾದು, ಆಮೇಲೆ ಪರಿಚಯದವರನ್ನು ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಅದೇ ಇಮೇಲ್, ಅದೇ ಮೊಬೈಲ್ ಸಂಖ್ಯೆ ದಾಖಲಾಗಿರುವುದರಿಂದ ಅನೇಕ ಕಡೆ ಪೋರ್ಟಲ್ ‘ಈಗಾಗಲೇ ಇದ್ದಾರೆ’ ಎಂದು ರೆಫರಲ್ ಅನ್ನು ತಿರಸ್ಕರಿಸುತ್ತದೆ. ಈ ತಡೆ ಕೆಲವು ಕಂಪನಿಗಳಲ್ಲಿ 6 ತಿಂಗಳವರೆಗೂ ಇರುತ್ತದೆ. ಬೇರೆ ಇಮೇಲ್‌ನಿಂದ ಮತ್ತೆ ಹಾಕುವ ಜಾಣತನ ಬೇಡ. ಸಿಕ್ಕಿಬಿದ್ದರೆ ಇದ್ದ ಅರ್ಜಿಯೂ ಹೋಗುತ್ತದೆ. ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ವಿಷಯದಲ್ಲೂ ಇದೇ ಲೆಕ್ಕ. ಯಾವ ಕಂಪನಿಗೆ ಕಳಿಸುತ್ತಿದ್ದಾರೆ ಎಂದು ಕೇಳದೆ ಒಪ್ಪಿಗೆಯ ಮೇಲ್ ಕಳಿಸಬೇಡಿ. ಒಬ್ಬರೇ ಅಭ್ಯರ್ಥಿಯ ರೆಸ್ಯೂಮೆ ಎರಡು ಏಜೆನ್ಸಿಗಳಿಂದ ಬಂದರೆ, ಕಮಿಷನ್ ಜಗಳ ಯಾರಿಗೆ ಬೇಕು ಎಂದು ಎರಡನ್ನೂ ಪಕ್ಕಕ್ಕಿಡುವುದುಂಟು.

ಯಾರನ್ನು ಕೇಳುವುದು? ಆಪ್ತ ಗೆಳೆಯರಿಗೆ ಗೊತ್ತಿರುವ ಹುದ್ದೆಗಳು ಬಹುಪಾಲು ನಿಮಗೂ ಗೊತ್ತಿರುತ್ತವೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಾದಿಸಿದ್ದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಕೆಲಸ ಬದಲಿಸಲು ಹೆಚ್ಚು ನೆರವಾಗುವುದು ಸ್ವಲ್ಪ ದೂರದ ಪರಿಚಯ ಎಂದೇ ಹೇಳಿತು. ಹಳೆಯ ಪ್ರಾಜೆಕ್ಟಿನ ಸಹೋದ್ಯೋಗಿ, ಎರಡು ಬ್ಯಾಚ್ ಮುಂದಿದ್ದ ಸೀನಿಯರ್, ಕ್ಲೈಂಟ್ ಕಡೆಯ ಎಂಜಿನಿಯರ್ ಇಂಥವರು. ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯ ಕಾಲೇಜುಗಳಲ್ಲಿ ಓದಿದವರು ‘ನಮಗೆ ಬೆಂಗಳೂರಿನಲ್ಲಿ ಯಾರಿದ್ದಾರೆ’ ಎನ್ನುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದು ‘ಅಲುಮ್ನಿ’ ವಿಭಾಗಕ್ಕೆ ಹೋಗಿ. ಅಲ್ಲಿ ಊರು, ಕಂಪನಿ, ಕೆಲಸದ ಬಗೆಯ ಪ್ರಕಾರ ಹಳೆಯ ವಿದ್ಯಾರ್ಥಿಗಳನ್ನು ಸೋಸಬಹುದು. ಎಚ್‌ಆರ್‌ನವರಿಗಿಂತ ಆ ಹುದ್ದೆ ಇರುವ ತಂಡದಲ್ಲೇ ಕೆಲಸ ಮಾಡುವವರು ಸಿಕ್ಕರೆ ಒಳ್ಳೆಯದು.

ಉಚಿತ ಖಾತೆಯಿಂದ ಸಂಪರ್ಕದ ಕೋರಿಕೆ ಜೊತೆ ಬರೆಯಲು ಸಿಗುವ ಜಾಗ ಕಡಿಮೆ. ಅಲ್ಲಿ ಕಾಲೇಜು, ಬ್ಯಾಚ್, ಯಾವ ವಿಷಯಕ್ಕೆ ಎಂಬುದಷ್ಟೇ ಸಾಕು. ಒಪ್ಪಿಕೊಂಡ ಮೇಲಿನ ಸಂದೇಶ ಹೀಗಿರಲಿ: ‘ನಮಸ್ತೆ. ನಿಮ್ಮ ಕಂಪನಿಯ ಈ ಹುದ್ದೆ ನೋಡಿದೆ, ಜಾಬ್ ಐಡಿ ಮತ್ತು ಲಿಂಕ್ ಕೆಳಗಿದೆ. ಜಾವಾ, ಸ್ಪ್ರಿಂಗ್ ಬೂಟ್‌ನಲ್ಲಿ 4 ವರ್ಷ ಕೆಲಸ ಮಾಡಿದ್ದೇನೆ. ಅವರು ಕೇಳಿರುವ ಕಾಫ್ಕಾ ಅನುಭವ ಇಲ್ಲ. ನೋಟಿಸ್ 60 ದಿನ. ಹೊಂದುತ್ತದೆ ಅನ್ನಿಸಿದರೆ ರೆಫರ್ ಮಾಡುವಿರಾ? ಆಗದಿದ್ದರೂ ಬೇಸರವಿಲ್ಲ.’ ಇಲ್ಲದ್ದನ್ನು ಇಲ್ಲ ಎಂದು ಬರೆದವರ ಮೇಲೆ ನಮಗಂತೂ ನಂಬಿಕೆ ಹೆಚ್ಚು. ರೆಸ್ಯೂಮೆ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮ ಹೆಸರಿರಲಿ. ‘ಫೈನಲ್ ನ್ಯೂ 2’ ಎಂಬ ಹೆಸರಿನ ಫೈಲುಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದು ವಾರದ ನಂತರ ಒಮ್ಮೆ ನೆನಪಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಬಿಟ್ಟು ಮುಂದಿನವರನ್ನು ನೋಡಿ.

ಈಗಿನ ಕಂಪನಿಗೆ ಸುಳಿವು ಸಿಗಬಾರದು ಎನ್ನುವವರು, ಕೆಲಸ ಹುಡುಕುತ್ತಿದ್ದೇನೆ ಎಂದು ಲಿಂಕ್ಡ್‌ಇನ್‌ನಲ್ಲಿ ತಿಳಿಸುವ ‘ಓಪನ್ ಟು ವರ್ಕ್’ ಅನ್ನು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ಪ್ರೊಫೈಲ್ ಫೋಟೊದ ಸುತ್ತ ಬರುವ ಹಸಿರು ಪಟ್ಟಿಯಾದರೆ ಎಲ್ಲರಿಗೂ ಕಾಣುತ್ತದೆ. ಆದರೂ ಪೂರ್ಣ ಗೋಪ್ಯತೆಯ ಖಾತರಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ. ಉದ್ಯೋಗ ತಾಣ ನೌಕ್ರಿಯಲ್ಲಿ ನಿಮ್ಮ ಕಂಪನಿಗೆ ಪ್ರೊಫೈಲ್ ಕಾಣದಂತೆ ತಡೆಯುವ ಸೌಲಭ್ಯವಿದೆ. ಇನ್ನು ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕಗಳು: ಪ್ರೊಫೈಲ್, ರೆಸ್ಯೂಮೆ, ರಿಲೀವಿಂಗ್ ಲೆಟರ್, ಪಿಎಫ್‌ನ ಯುಎಎನ್ (ಪಿಎಫ್ ಸದಸ್ಯರ ಖಾತೆ ಸಂಖ್ಯೆ) ದಾಖಲೆ ನಾಲ್ಕೂ ಒಂದೇ ಆಗಿರಬೇಕು. ಸಂದರ್ಶನದಲ್ಲಿ ಗೆದ್ದು ಹಿನ್ನೆಲೆ ಪರಿಶೀಲನೆಯಲ್ಲಿ ಆಫರ್ ಕಳೆದುಕೊಳ್ಳುವವರಿದ್ದಾರೆ. 90 ದಿನದ ನೋಟಿಸ್ ಇರುವವರು ಲಿಖಿತ ಆಫರ್ ಕೈಗೆ ಬರುವ ಮೊದಲು ಬಾಯಿಮಾತು ನಂಬಿ ರಾಜೀನಾಮೆ ಕೊಡಬಾರದು.

ರೆಫರಲ್‌ಗೆ ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಹಣ ಬೇರೆ ಖಾತೆಗಳಿಗೆ ಹರಿಯುವ ಮೊದಲು ತಡೆಯಲು ಆಗ ಮಾತ್ರ ಅವಕಾಶ.

ಪ್ಲೇಸ್‌ಮೆಂಟ್ ಸೆಲ್‌ಗಳು ಕೊನೆಯ ವರ್ಷದಲ್ಲಿ ಅಣಕು ಸಂದರ್ಶನ ಮಾಡಿಸುತ್ತವೆ. ಅದರ ಜೊತೆಗೆ ಪ್ರತಿ ವಿದ್ಯಾರ್ಥಿಯೂ ಒಬ್ಬ ಹಳೆಯ ವಿದ್ಯಾರ್ಥಿಗೆ, ಕೆಲಸ ಕೇಳದೆ, ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಬರೆದು ಕಳಿಸುವ ಅಭ್ಯಾಸವನ್ನೂ ಮಾಡಿಸಲಿ. ತಮ್ಮ ಪುರವಣಿಯೂ ಖಾಸಗಿ ಹುದ್ದೆಗಳ ಮಾಹಿತಿಯಲ್ಲಿ ಜಾಬ್ ಐಡಿಯನ್ನು ತಪ್ಪದೆ ಮುದ್ರಿಸಬೇಕೆಂದು ಕೋರುತ್ತೇವೆ.

– ನೇಮಕಾತಿ ವಿಭಾಗದ ಇಬ್ಬರು ಉದ್ಯೋಗಿಗಳು, ಬೆಂಗಳೂರು